ಸೋಪು ಹಚ್ಚಿದ ಕಮಾನು

ದುಶಾನ್ಬೆಯ ಸಂಗೀತ ಮಂದಿರದ ವಾದ್ಯವೃಂದಕ್ಕೆ ಸೇರಿದ ಮೊದಲ ವರ್ಷವೇ ಸನವ್ಬರಳಿಗೆ ಬಾರದ್ದು ಯಾವುದೂ ಇಲ್ಲ ಎಂಬ ಮಾತು ಊರೆಲ್ಲ ಹಬ್ಬಿತು. ಹಾಗೆ ಹಬ್ಬಿದ್ದೇ ಅವಳಿಗೆ ಮುಳುವಾಯಿತು.

ಅವಳ ಅಪ್ಪ ಮಿರ್ಝೋಕರೀಮ್, ಕುಲೋಬ್ ಊರಿನ ಕಡೆಯ ಮದುವೆ ಮನೆಗಳಲ್ಲಿ ಗಿಜಕ್ ನುಡಿಸುತ್ತಿದ್ದ. ಎಣ್ಣೆ ಡಬ್ಬದ ತಗಡಿನಿಂದ ತಾನೇ ಮಾಡಿಕೊಂಡ ವಾದ್ಯ. ಮೊಣಕಾಲಿನ ಮೇಲೆ ನಿಲ್ಲಿಸಿಕೊಂಡು ಕಮಾನು ಎಳೆದರೆ ಮುದುಕರೂ ಎದ್ದು ಕುಣಿಯುತ್ತಿದ್ದರು. ಮಗಳು ನಡೆಯಲು ಕಲಿತದ್ದೇ ಆ ಸದ್ದಿನ ಸುತ್ತ. ಆಮೇಲೆ ಅವಳನ್ನು ರಾಜಧಾನಿ ದುಶಾನ್ಬೆಯ ಸಂಗೀತ ಶಾಲೆಗೆ ಆರಿಸಿಕೊಂಡು ಹೋದರು. ಅಲ್ಲಿ ಪಿಟೀಲು ಕಲಿಸುತ್ತಿದ್ದ ರಯೀಸಾ ಲ್ವೋವ್ನಾ ಮಹಾಯುದ್ಧದ ಕಾಲದಲ್ಲಿ ಲೆನಿನ್‌ಗ್ರಾಡಿನಿಂದ ರೈಲಿನಲ್ಲಿ ಬಂದು ಇಲ್ಲೇ ಉಳಿದವಳು. ಹುಡುಗಿಯ ಮಣಿಕಟ್ಟು ನೋಡಿದೊಡನೆ ಇದು ಗಿಜಕ್ ನುಡಿಸಿದ ಕೈಯೆಂದು ಅವಳಿಗೆ ತಿಳಿದುಹೋಯಿತು. ಡಬ್ಬ ಮುಟ್ಟಿದ ಕೈಯಲ್ಲಿ ಪಿಟೀಲು ಮುಟ್ಟಕೂಡದು ಎಂದಳು. ರಜೆಗೆ ಊರಿಗೆ ಹೋದಾಗ ಅಪ್ಪ ಇದನ್ನು ಕೇಳಿ ನಕ್ಕುಬಿಟ್ಟ.

"ನಿಮ್ ಟೀಚರಮ್ಮನ ಮುಂದಿರೋ ಸ್ವರದ ಕಾಗದ ಒಂದು ಕಿತ್ಕೊಂಡ್ ನೋಡು ಮಗಳೇ, ಮೂಕಿ ಆಗ್ಬಿಡ್ತಾಳೆ."

ಸನವ್ಬರ್ ಇಬ್ಬರಿಗೂ ಎದುರಾಡಲಿಲ್ಲ, ಎರಡನ್ನೂ ಕಲಿತಳು. ಕಾಗದ ನೋಡಿ ಏನನ್ನು ಬೇಕಾದರೂ ನುಡಿಸುತ್ತಿದ್ದಳು, ಕಾಗದವಿಲ್ಲದೆಯೂ ನುಡಿಸುತ್ತಿದ್ದಳು.

ವಾದ್ಯವೃಂದದಲ್ಲಿ ವಿಯೋಲಾದವನು ಕುಡಿದು ಮಲಗಿದರೆ ಸನವ್ಬರ್ ಆ ದಪ್ಪ ವಾದ್ಯ ಹಿಡಿದು ಅವನ ಕುರ್ಚಿಯಲ್ಲಿ ಕೂರುತ್ತಿದ್ದಳು. ರೇಡಿಯೋದಲ್ಲಿ ಹಳೆಯ ಮಕಾಮ್ ಹಾಡುವವರಿಗೆ ಗಿಜಕ್ ಸಾಥಿ ಸಿಗದಿದ್ದರೆ ಮಂದಿರಕ್ಕೆ ಫೋನ್ ಬರುತ್ತಿತ್ತು. ಸಿನಿಮಾದವರಿಗೆ ಅಳುವ ದೃಶ್ಯಕ್ಕೆ ಪಿಟೀಲು ಬೇಕಾದಾಗಲೂ ಅಷ್ಟೆ. ಎಲ್ಲದಕ್ಕೂ ಉತ್ತರ ಒಂದೇ, ಸನವ್ಬರಳನ್ನು ಕೇಳಿ.

ಅವಳಿಗಿದ್ದ ಆಸೆಯೂ ಒಂದೇ. ರಯೀಸಾ ಲ್ವೋವ್ನಾ ಕೊನೆಯ ವರ್ಷ ಕಲಿಸಿದ್ದ ದೊಡ್ಡ ಕೃತಿಯೊಂದಿತ್ತು. ಇಡೀ ವೃಂದ ಹಿಂದೆ ಕೂತಿರಲು ಪಿಟೀಲಿನವರು ಒಬ್ಬರೇ ಮುಂದೆ ನಿಂತು ನುಡಿಸುವಂಥದ್ದು. ಅದನ್ನು ಒಮ್ಮೆ ಜನರ ಮುಂದೆ ನುಡಿಸಬೇಕು. ಪ್ರತಿ ವಸಂತದಲ್ಲೂ ಅವಳು ನಿರ್ದೇಶಕ ಬೋರಿಸ್ ಯೆಫೀಮೊವಿಚ್‌ನ ಕೋಣೆಯ ಬಾಗಿಲು ತಟ್ಟುತ್ತಿದ್ದಳು. ಅವನು ಎದ್ದು ನಿಂತು ಕುರ್ಚಿ ಕೊಟ್ಟು, ಚಹಾ ಬಗ್ಗಿಸುತ್ತಿದ್ದ.

"ಖಂಡಿತ, ಸನವ್ಬರ್‌ಜೋನ್. ಆದ್ರೆ ನೀನು ಮುಂದೆ ನಿಂತ್ರೆ ನಿನ್ನ ಜಾಗದಲ್ಲಿ ಯಾರು ಕೂರ್ತಾರೆ, ನೀನೇ ಹೇಳು?"

ಅದು ಹೊಗಳಿಕೆಯೆಂದುಕೊಂಡು ಮೊದಮೊದಲು ಅವಳೂ ನಗುತ್ತಿದ್ದಳು. ಪಕ್ಕದಲ್ಲಿ ಚೆಲ್ಲೋ ನುಡಿಸುತ್ತಿದ್ದ ಗೆಳತಿ ಲ್ಯೂಡಾಗೆ ಮಾತ್ರ ಸಿಟ್ಟು ಬರುತ್ತಿತ್ತು. "ನಿಂಗೆ ಒಂದೇ ಒಂದು ಬರ್ತಿದ್ರೆ ಎಷ್ಟು ಚೆನ್ನಾಗಿತ್ತು ಕಣೆ. ಮುಂದೆ ನಿಂತು ನುಡಿಸೋ ವಿತಾಲಿನ ನೋಡು, ಬರೋದೇ ಒಂದು ಕೃತಿ. ವರ್ಷಾ ವರ್ಷಾ ಅದನ್ನೇ ನುಡಿಸಿ ಹೂವು ತಗೋತಾನೆ."

ಸನವ್ಬರ್ ಮನೆಯಲ್ಲಿ ಆ ಕೃತಿಯನ್ನು ಬಿಡಲಿಲ್ಲ. ಗಂಡ ಇಸ್ಕಂದರ್ ಟ್ರಾಲಿಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಅವನು ಕೆಲಸ ಮುಗಿಸಿ ಬಂದು ಹಸಿರು ಚಹಾ ಹಿಡಿದು ಕೂತರೆ ಇವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಸಂಗೀತ ತನಗೆ ತಿಳಿಯುವುದಿಲ್ಲ ಎಂದು ಅವನೇ ಹೇಳುತ್ತಿದ್ದ, ಆದರೆ ಅವಳು ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಎಂದು ಕೇಳುತ್ತಿದ್ದ.

ಆಮೇಲೆ ಲೆನಿನ್‌ಗ್ರಾಡಿನಿಂದ ಕುಲೋಬಿನವರೆಗೆ ಒಂದೇ ಆಗಿದ್ದ ದೇಶ ಒಡೆಯಿತು. ಅದರ ಬೆನ್ನಿಗೇ ಒಳಗಿನ ಯುದ್ಧ ಬಂತು. ಬೀದಿಯಲ್ಲಿ ಬಂದೂಕು, ರೊಟ್ಟಿಯಂಗಡಿಯ ಮುಂದೆ ನಸುಕಿನಿಂದಲೇ ಸಾಲು. ಬೋರಿಸ್ ಯೆಫೀಮೊವಿಚ್ ಇಸ್ರೇಲಿಗೆ ಹೊರಟುಹೋದ. ವಿತಾಲಿ ತನ್ನ ಒಂದು ಕೃತಿಯನ್ನು ಕಟ್ಟಿಕೊಂಡು ಮಾಸ್ಕೋಗೆ ಹೋದ. ಜರ್ಮನಿಗೆ ಹೊರಟ ಲ್ಯೂಡಾ ರೈಲು ನಿಲ್ದಾಣದಲ್ಲಿ ಇವಳನ್ನು ತಬ್ಬಿಕೊಂಡು ಏನೋ ಹೇಳಿದಳು, ಗದ್ದಲದಲ್ಲಿ ಕೇಳಿಸಲಿಲ್ಲ. ಕುಲೋಬಿನಲ್ಲಿ ಅಪ್ಪ ತೀರಿಕೊಂಡಾಗ ರಸ್ತೆ ಮುಚ್ಚಿತ್ತು. ಸನವ್ಬರಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅಲ್ಲಿ ನಲವತ್ತನೆಯ ದಿನದ ಊಟವೂ ಮುಗಿದಿತ್ತು.

ಮಂದಿರ ಮಾತ್ರ ಮುಚ್ಚಲಿಲ್ಲ. ಬಿಸಿಯೂಡುವ ಕೊಳವೆಗಳು ತಣ್ಣಗಾಗಿದ್ದ ಸಭಾಂಗಣದಲ್ಲಿ ಬೆರಳು ಕತ್ತರಿಸಿದ ಕೈಗವಸು ತೊಟ್ಟು ಉಳಿದವರು ನುಡಿಸುತ್ತಿದ್ದರು. ಕೊಳಲಿನವನಿಲ್ಲ, ಕೊಳಲಿನ ಭಾಗ ಸನವ್ಬರ್ ಪಿಟೀಲಿನಲ್ಲಿ ನುಡಿಸಿದಳು. ವಿಯೋಲಾದವನು ಯಾವತ್ತೋ ಹೋಗಿದ್ದ, ಅದೂ ಅವಳದೇ. ಮೊದಲ ಪಿಟೀಲಿನ ಕುರ್ಚಿ ಕೊನೆಗೂ ಸಿಕ್ಕಿತು. ಅಸೂಯೆಪಡುವುದಕ್ಕೆ ಕೂಡ ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ಚಳಿಗಾಲಗಳಲ್ಲೇ ಅವಳ ಎಡಗೈಯ ಕಿರುಬೆರಳು ಊದಿಕೊಳ್ಳತೊಡಗಿದ್ದು.

ಯುದ್ಧ ನಿಂತ ಮೇಲೆ ಊರಲ್ಲಿ ಕನ್ನಡಿ ಗೋಡೆಗಳ ಮದುವೆ ಹಾಲ್‌ಗಳು ಎದ್ದವು. ಸಂಬಳ ಕೈಗೆ ಬಾರದ ಸನವ್ಬರ್ ಮಂದಿರ ಬಿಟ್ಟು ಅಲ್ಲಿ ಕೆಲಸ ಕೇಳಿಕೊಂಡು ಹೋದಳು. ಹಾಲ್ ನೋಡಿಕೊಳ್ಳುವ ಶೇರಾಫ್ಗನ್ ಮರ್ಯಾದೆಯ ಮನುಷ್ಯ. ಎದೆಗೆ ಕೈಯಿಟ್ಟು ಬಗ್ಗಿ, ಅಕ್ಕ ಎಂದೇ ಮಾತಾಡಿಸಿದ.

"ಸಂಗೀತ ಡಿಸ್ಕ್‌ನಲ್ಲಿ ಬರತ್ತೆ, ಆಪಾ. ನೀವು ನಿಂತ್ಕೊಂಡು ಕೈ ಆಡಿಸಿದ್ರೆ ಸಾಕು. ಕಮಾನಿಗೆ ರಾಳ ಬೇಡ, ಸೋಪು ಹಚ್ಚಿ. ಸದ್ದು ಬಂದ್ರೆ ಅಡ್ಡ ಆಗತ್ತೆ."

ಅವಳು ಅವತ್ತು ಬಟ್ಟೆ ಒಗೆಯುವ ಸೋಪನ್ನು ಕಮಾನಿನ ಕುದುರೆಗೂದಲಿಗೆ ಉಜ್ಜಿದಳು. ಒಮ್ಮೆ ಉಜ್ಜಿದ ಮೇಲೆ ಕಷ್ಟವೆನಿಸಲಿಲ್ಲ. ಜನ ಪಲಾವ್ ತಿಂದರು, ಕುಣಿದರು. ಅವಳ ಪಿಟೀಲು ಮೂಕವಾಗಿದೆ ಎಂಬುದು ಒಬ್ಬರ ಗಮನಕ್ಕೂ ಬರಲಿಲ್ಲ.

ಹೀಗೇ ವರ್ಷಗಳು ಕಳೆದ ಮೇಲೆ ಒಂದು ಶರತ್ಕಾಲದಲ್ಲಿ, ಮೈದಾನದಲ್ಲಿ ದೊಡ್ಡ ಸಮಾರಂಭವೊಂದನ್ನು ಏರ್ಪಡಿಸಿದವರು ಅವಳಿಗೆ ಹೇಳಿಕಳಿಸಿದರು. ಟಿವಿಯಲ್ಲಿ ನೇರ ಪ್ರಸಾರ. ಹಿಂದೆ ವಾದ್ಯವೃಂದ, ಮುಂದೆ ಅವಳೊಬ್ಬಳೇ. ಕೃತಿ ಯಾವುದೆಂದು ಸನವ್ಬರ್ ಎರಡೆರಡು ಸಲ ಕೇಳಿದಳು. ರಯೀಸಾ ಲ್ವೋವ್ನಾ ಕಲಿಸಿದ್ದ ಅದೇ ಕೃತಿ. ಆದರೆ ಇಲ್ಲೂ ಡಿಸ್ಕ್.

"ಡಿಸ್ಕ್ ಬೇಡ. ನಾನೇ ನುಡಿಸ್ತೀನಿ. ಇದು ನಂಗೆ ಬರತ್ತೆ," ಎಂದಳು.

"ಬರತ್ತೆ ಅಂತ ಗೊತ್ತು ಆಪಾ, ಅದಕ್ಕೇ ನಿಮ್ಮನ್ನ ಕರೆದಿದ್ದು. ಕ್ಯಾಮೆರಾ ಹತ್ರ ಬಂದಾಗ ಬೆರಳು ಸರಿಯಾದ ಜಾಗಕ್ಕೆ ಹೋಗ್ಬೇಕಲ್ಲ," ಎಂದ ಆಯೋಜಕ. ಗಾಳಿ ಇರುತ್ತದೆ, ದೊಡ್ಡವರು ಬರುತ್ತಾರೆ, ಎಡವಟ್ಟಾಗುವಂತಿಲ್ಲ ಎಂದು ವಿವರಿಸಿದ.

ಅವಳು ಒಪ್ಪಿದಳು. ಅಷ್ಟು ಜನರ ಮುಂದೆ ಬೇರೆ ಯಾರದೋ ಪಿಟೀಲು ಮೊಳಗಿತು, ಇವಳ ಬೆರಳು ಅದರ ಹಿಂದೆ ಓಡಿತು. ಅವಳು ತಡೆದು ನಿಲ್ಲುತ್ತಿದ್ದ ಕಡೆ ಡಿಸ್ಕಿನೊಳಗಿನ ಆ ಮನುಷ್ಯ ನಿಲ್ಲಲಿಲ್ಲ, ಸರಸರ ದಾಟಿ ಹೋದ. ಒಂದು ಕಡೆ ಅವನು ಉಸಿರೆಳೆದುಕೊಂಡದ್ದೂ ದೊಡ್ಡ ಸ್ಪೀಕರುಗಳಲ್ಲಿ ಕೇಳಿಸಿತು. ಮುಗಿದಾಗ ಚಪ್ಪಾಳೆ, ಹೂವು.

ಮನೆಗೆ ಬಂದರೆ ಅಂಗಳದ ಮರದ ಜಗಲಿಯ ಮೇಲೆ ನೆರೆಯವರೆಲ್ಲ ನೆರೆದಿದ್ದರು. ಯಾರೋ ಪಲಾವ್ ಕೂಡ ಇಟ್ಟಿದ್ದರು. ಇಸ್ಕಂದರ್‌ನ ಕಣ್ಣು ಕೆಂಪಾಗಿತ್ತು.

"ಅಡುಗೆಮನೆಲಿ ಇಷ್ಟು ವರ್ಷ ಕೇಳಿದೀನಿ," ಎಂದು ಅವನು ನೆರೆಯವರಿಗೆ ಹೇಳಿದ. "ಕಣ್ಣು ಮುಚ್ಕೊಂಡಿದ್ರೂ ಇದು ನಮ್ಮ ಸನವ್ಬರಂದೇ ಅಂತ ಹೇಳ್ತಿದ್ದೆ."

ಅವಳು ಹೂವನ್ನು ನೀರಿನ ಬಕೆಟ್ಟಿಗೆ ಹಾಕಿದಳು. ನಿಜ ಹೇಳಿಬಿಡಬೇಕೆಂದು ಬಾಯಿವರೆಗೂ ಬಂತು. ಹೇಳಿದರೆ ಅವನು ನಾಚಿಕೊಳ್ಳುತ್ತಾನೆ, ಇಷ್ಟು ಜನರ ಮುಂದೆ ಚಿಕ್ಕವನಾಗುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಅಭ್ಯಾಸ ಮಾಡಿದ ಅಷ್ಟೂ ಸಂಜೆಗಳಲ್ಲಿ ಕೇಳಲು ಇದ್ದವನು ಅವನೊಬ್ಬನೇ. ಅವನೂ ಕೇಳಿರಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಾಗಲಿಲ್ಲ. ತಟ್ಟೆಗೆ ಪಲಾವ್ ಬಡಿಸಿ ಅವನ ಮುಂದೆ ಇಟ್ಟಳು.

ಮದುವೆ ಹಾಲ್‌ನವರು ಕ್ರಮೇಣ ಮಿಂಚುವ ಲಂಗದ ಹುಡುಗಿಯರನ್ನು ತಂದರು. ಪಿಟೀಲು ಹಿಡಿಯಲು ಬಾರದಿದ್ದರೂ ನಡೆಯುತ್ತಿತ್ತು. ಮಂದಿರಕ್ಕೆ ಹೊರದೇಶದಲ್ಲಿ ಓದಿ ಬಂದ ಹೊಸ ನಿರ್ದೇಶಕ ಬಂದ. ಅವನು ಹಳಬರನ್ನು ನೆನೆದು ಸನವ್ಬರಳನ್ನೂ ಕರೆಸಿದ. ತನ್ನದಕ್ಕೆ ಸೋಪು ಹಿಡಿದಿದ್ದರಿಂದ ಬೇರೆಯವರ ಕಮಾನು ಇಸಿದುಕೊಂಡು ಕೂತ ಅವಳಿಗೆ ಎರಡನೆಯ ಪುಟದಲ್ಲೇ ಕಿರುಬೆರಳು ಮಡಚಲಿಲ್ಲ. ಹೊಸ ನಿರ್ದೇಶಕ ಇನ್ನೂ ಹುಡುಗ, ಕೆಟ್ಟವನಲ್ಲ. ಹತ್ತಿರ ಬಂದು, ಚಿಕ್ಕಮ್ಮನನ್ನು ಕರೆಯುವಂತೆ ಮೆಲ್ಲಗೆ, "ಖೋಲಾ, ಕಷ್ಟದ ಜಾಗ ಬಂದಾಗ ಸುಮ್ನೆ ಕೈ ಆಡಿಸಿ, ಪರವಾಗಿಲ್ಲ," ಎಂದ. ಮುಗಿಯುವವರೆಗೂ ಅವಳು ಹಾಗೇ ಮಾಡಿದಳು. ಮರುದಿನ ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಿ ಯಾರೂ ಫೋನ್ ಮಾಡಲಿಲ್ಲ.

ಇಸ್ಕಂದರ್ ಈಗಲೂ ಅತಿಥಿಗಳು ಬಂದರೆ ಟಿವಿಯ ಆ ಸಂಜೆಯ ಮಾತು ತೆಗೆಯುತ್ತಾನೆ. ಒಂದು ಚೂರು ನುಡಿಸು, ಇವರೂ ಕೇಳಲಿ ಎಂದು ಹೆಂಡತಿಯನ್ನು ಒತ್ತಾಯಿಸುತ್ತಾನೆ. ಅವಳು ಬೆರಳು ನೋವು ಅನ್ನುತ್ತಾಳೆ. ಅದು ಸುಳ್ಳೂ ಅಲ್ಲ.