ಬಿಳಿ ಹೂವಿನ ಮೇಲಿನ ಕಂದು ಕಲೆ

ನನ್ನ ಅಪ್ಪನದು ಲಾಂಡ್ರಿ ಅಂಗಡಿ. ಮೂವತ್ತು ವರ್ಷ ಪರರ ಬಟ್ಟೆಯ ಕಲೆ ನೋಡಿ ನೋಡಿ ಅವರಿಗೆ ಮನುಷ್ಯರ ಮೇಲಿನ ನಂಬಿಕೆಯೇ ಹೊರಟುಹೋಗಿತ್ತು. ಶರಟು ಕೌಂಟರಿನ ಮೇಲೆ ಬಿದ್ದ ಕೂಡಲೇ, "ಚಹಾ ಅಂತಾನೆ, ಇದು ಕೆಮ್ಮಿನ ಔಷಧಿ. ಕುಡೀದೆ ಚೆಲ್ಲಿದಾನೆ" ಎನ್ನುತ್ತಿದ್ದರು. ಹೆಚ್ಚಿನ ಸಲ ಅದು ಸರಿಯೇ ಇರುತ್ತಿತ್ತು, ಅದೇ ನಮ್ಮ ಗ್ರಹಚಾರ. ಬೀದಿಯವರು ಅವರಿಗೆ 'ಪತ್ತೇದಾರ' ಎಂದು ಹೆಸರಿಟ್ಟಿದ್ದರು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಇಂಥವರು ಮನೆಯಲ್ಲಿ ಮೀನು ಸಾಕಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಗೆ ಒಂದು ಸೀ ಅನಿಮೋನ್ ತಂದರು. ಕಲ್ಲಿಗೆ ಕಚ್ಚಿಕೊಂಡು ಬದುಕುವ ಕಡಲಿನ ಪ್ರಾಣಿ ಅದು. ಸುತ್ತ ಬೆರಳಿನಂಥ ಎಸಳು, ನಡುವೆ ಬಾಯಿ. ನಾವು ಕಡಲ ಹೂ ಎಂದೆವು. ಅಚ್ಚ ಬಿಳುಪು! "ನನ್ನ ಕೈಲೂ ಇಷ್ಟು ಬೆಳ್ಳಗೆ ಮಾಡಕ್ಕಾಗಲ್ಲ" ಎಂದು ಅಪ್ಪ ಕಣ್ಣಲ್ಲಿ ಕಣ್ಣಿಟ್ಟು ಕೂತರು. ನೀರಿನ ಉಪ್ಪು, ಬಿಸಿ ದಿನಾ ಅಳೆದರು. ಮೀನಿಗೆ ಹಾಕುವ ಪುಡಿಯೇ ಅದಕ್ಕೂ ಸಾಕು ಎಂದುಕೊಂಡರು. ತೊಟ್ಟಿಯನ್ನು ಯಾರೂ ಮುಟ್ಟಬಾರದು ಎಂದು ಅಪ್ಪಣೆಯಾಯಿತು.

ಎರಡು ತಿಂಗಳಿಗೆ ಎಸಳುಗಳ ಬುಡದಲ್ಲಿ ಕಂದು ಬಣ್ಣ ಕಾಣಿಸಿತು.

"ಯಾರೋ ಏನೋ ಸುರೀತಿದಾರೆ" ಎಂದರು ಅಪ್ಪ.

ಮನೆಯಲ್ಲಿ ಇದ್ದವರು ಮೂರೇ ಜನ: ಅಪ್ಪ, ನಾನು, ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡಂದಿನಿಂದ ಮನೆ ನಡೆಸಿದವರು. ಅಪ್ಪ ಬಿಳಿ ಕರವಸ್ತ್ರವನ್ನು ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ, ದೀಪಕ್ಕೆ ಹಿಡಿದು ನೋಡಿದರು. ಚಹಾ ಇಲ್ಲ, ಎಣ್ಣೆ ಇಲ್ಲ. ಆಮೇಲೆ ಮುಚ್ಚಳದ ಮೇಲೆ ಒಂದೆಳೆ ದಾರ ಇಟ್ಟು ಅಂಗಡಿಗೆ ಹೊರಟರು. ಸಂಜೆ ಬಂದಾಗ ದಾರ ನೆಲದ ಮೇಲಿತ್ತು.

ನನಗೂ ಅನುಮಾನ ಹತ್ತಿತು. ಸುಳ್ಳೇಕೆ ಹೇಳಲಿ? ಅತ್ತೆ ವಾರಕ್ಕೊಮ್ಮೆ ಮಧ್ಯಾಹ್ನ ಎಲ್ಲಿಗೋ ಹೋಗಿ ಬರುತ್ತಿದ್ದರು. ಕೇಳಿದರೆ "ಹೀಗೇ, ಕಾಲಾಡಿಸ್ಕೊಂಡು ಬಂದೆ" ಎನ್ನುತ್ತಿದ್ದರು. ಮಂಡಿನೋವಿನವರು ಹಾಗೆ ಕಾಲಾಡಿಸುವುದು ಯಾಕೆ?

ಒಂದು ಭಾನುವಾರ ಅತ್ತೆಯ ಸ್ವೆಟರು ಅಪ್ಪನ ಕೈಗೆ ಸಿಕ್ಕಿತು. ಬಲದೋಳಿನಲ್ಲಿ ಮೊಣಕೈವರೆಗೆ ಉಪ್ಪಿನ ಬಿಳಿ ಗೆರೆ. ಅಪ್ಪ ಮೂಸಿದರು.

"ಸೀಗಡಿ ವಾಸನೆ. ತೊಟ್ಟಿಗೆ ಕೈ ಹಾಕಿದೀಯ. ಏನು ಹಾಕ್ದೆ, ಹೇಳು."

"ಇಷ್ಟು ವರ್ಷ ಒಂದೇ ಮನೇಲಿದೀವಿ" ಎಂದರು ಅತ್ತೆ. "ನಾನು ನಿಂದು ಏನಾದ್ರೂ ಹಾಳು ಮಾಡಿದೀನಾ? ಅದನ್ನ ಹೇಳು ಮೊದ್ಲು."

"ಕಲೆ ಸುಳ್ಳು ಹೇಳಲ್ಲ ಅಕ್ಕ. ಸ್ವಲ್ಪ ದಿನ ತಮ್ಮನ ಮನೇಲಿ ಇದ್ದು ಬಾ."

ಅತ್ತೆ ನನ್ನ ಮುಖ ನೋಡಿದರು. ನಾನು ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚತೊಡಗಿದೆ. ಈಗ ನೆನೆದರೂ ನಾಚಿಕೆಯಾಗುತ್ತದೆ. ಅರ್ಧ ಗಂಟೆಯಲ್ಲಿ ಅವರು ಚೀಲ ತುಂಬಿಕೊಂಡು ಚಿಕ್ಕಪ್ಪನ ಮನೆಗೆ ಹೊರಟರು.

ಅಪ್ಪನ ಅನುಮಾನ ಅಷ್ಟಕ್ಕೇ ನಿಲ್ಲಬೇಕಲ್ಲ! ಮಾರಿದವನದೂ ಕೈವಾಡ ಇರಬಹುದೆಂದು ಎಂಟು ದಿನದ ಮೇಲೆ ಅಕ್ವೇರಿಯಂ ಅಂಗಡಿಯವನನ್ನೇ ಕರೆಸಿ ತೊಟ್ಟಿಯ ಮುಂದೆ ನಿಲ್ಲಿಸಿದರು.

"ಬಣ್ಣ ಯಾಕೆ ಕೆಡ್ತು?"

ಅವನು ಬಗ್ಗಿ ನೋಡಿದ. "ಕೆಟ್ಟಿಲ್ಲ ಸಾರ್, ವಾಪಸ್ ಬಂದಿದೆ! ಇದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರತ್ತೆ. ಆ ಪಾಚಿಯಿಂದಾನೇ ಇದಕ್ಕೆ ಹೊಟ್ಟೆ ತುಂಬೋದು, ಈ ಕಂದು ಬಣ್ಣಾನೂ ಅದರದ್ದೇ. ಪಾಚಿ ಹೋದ್ರೆ ಬೆಳ್ಳಗಾಗಿ ಹಸಿದು ಸಾಯತ್ತೆ. ನಾನು ಕೊಟ್ಟಾಗ ಅರೆಜೀವ ಆಗಿತ್ತು."

"ಮತ್ತೆ ಯಾಕ್ರೀ ಕೊಟ್ರಿ?"

"ಬೇಡ ಅಂದ್ರೂ ಬಿಳೀದೇ ಬೇಕು ಅಂತ ಹಟ ಹಿಡಿದಿದ್ದು ನೀವು! ಪುಣ್ಯಕ್ಕೆ ನಿಮ್ಮಕ್ಕ ಅಂಗಡಿಗೆ ಬಂದು, ಅದು ದಿನೇ ದಿನೇ ಸೊರಗ್ತಿದೆ, ಏನು ಕೊಡ್ಲಿ ಅಂತ ಕೇಳಿದ್ರು. ಪಾಚಿ ಮತ್ತೆ ಬೆಳೆಯೋವರೆಗೆ ಬಟಾಣಿ ಕಾಳಷ್ಟು ಸೀಗಡಿ ಚೂರು, ಮೂರು ದಿನಕ್ಕೊಂದು ಸಲ ಅಂದೆ. ಹೇಗಿದೆ ಅಂತ ವಾರವಾರ ಬಂದು ಹೇಳೋರು. ಈ ವಾರ ಯಾಕೆ ಮುದುಡಿದೆ? ಎಲ್ಲಿ ಅವರು?"

ಅಪ್ಪ ಅಂಗಿ ಹಾಕಿಕೊಂಡು ಹೊರಟರು. ನಾನೂ ಹಿಂದೆಯೇ ಹೋದೆ.

ಚಿಕ್ಕಪ್ಪನ ಮನೆಯ ಅಡುಗೆಕೋಣೆಯಲ್ಲಿ ಅತ್ತೆ ಪಾತ್ರೆ ಒರೆಸುತ್ತಿದ್ದರು. ಅಪ್ಪ ಬಾಗಿಲಲ್ಲೇ ನಿಂತರು. "ತಪ್ಪಾಯ್ತು ಅಕ್ಕ. ಎಲ್ಲ ಗೊತ್ತಾಯ್ತು. ಮನೆಗೆ ಬಾ."

"ಗೊತ್ತಾದ್ಮೇಲೆ ಯಾರು ಬೇಕಾದ್ರೂ ನಂಬ್ತಾರೆ ಕಣೋ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಒರೆಸಿದ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅವನದ್ದು ಬಿಡು, ಅವನ ಕಸುಬೇ ಹಾಗೆ. ನೀನು ನನ್ನ ಕೈತುತ್ತು ತಿಂದು ಬೆಳೆದವಳಲ್ವೇನೇ?"

ಅಪ್ಪನೂ ನಾನೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ವಾಪಸು ಬಂದೆವು. ಅತ್ತೆ ಬರಲಿಲ್ಲ.