ಹಲ್ಲುನೋವೆಂದು ಹೊರಟ ಬ್ರೇಕಮ್ಮ

ಕಾರು ಓಡಿಸಲು ಕಲಿಸುವ ಆಕೆಗೆ ಶಿಷ್ಯರು ಇಟ್ಟ ಹೆಸರು ಬ್ರೇಕಮ್ಮ. ಪಕ್ಕದ ಸೀಟಿನಲ್ಲಿ ಕೂತು ಆಕೆ "ಬ್ರೇಕು! ಬ್ರೇಕು!" ಎಂದು ಕೂಗಿದರೆ ರಸ್ತೆಯಲ್ಲಿ ಹೋಗುವ ಸೈಕಲ್ಲಿನವರೂ ಗಕ್ಕನೆ ನಿಲ್ಲುತ್ತಿದ್ದರು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಅಂಟಿಕೊಂಡು ವರ್ಷಗಳಾಗಿದ್ದವು. ಮಾತ್ರೆ ಮಾತ್ರ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಷ್ಟೋ ದಿನ ಕಾರಿನಲ್ಲೇ ಬಿಸ್ಕತ್ತು ತಿಂದು ಊಟ ಮುಗಿಸುತ್ತಿದ್ದಳು.

"ನಿಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಹಾರ್ಟ್ ಅಟ್ಯಾಕಲ್ಲೇ ಹೋದ್ರು ಕಣೇ," ಎಂದು ಗಡಿಯಾರ ರಿಪೇರಿ ಮಾಡುವ ಗಂಡ ಮೆಲ್ಲಗೆ ಎಚ್ಚರಿಸಿದರೆ, "ಅವರು ಸಿಗರೇಟು ಸೇದ್ತಿದ್ರು ರೀ, ನಾನೇನು ಸೇದ್ತೀನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆತ ಮತ್ತೆ ತನ್ನ ಭೂತಗನ್ನಡಿ ಕಣ್ಣಿಗೇರಿಸಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ದವಡೆಯ ನೋವು ತಡೆಯಲಾಗದೆ, ಪಾಠದ ಮಧ್ಯೆಯೇ ಕಾರನ್ನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದಳು. ಅಂದಿನ ಶಿಷ್ಯರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರೂ ಜೊತೆಗೆ ಮಹಡಿ ಹತ್ತಿದರು.

ಡಾಕ್ಟರಮ್ಮ ಒಂದೊಂದು ಹಲ್ಲನ್ನೂ ತಟ್ಟಿ ನೋಡಿದಳು. "ಹಲ್ಲೆಲ್ಲ ಕಲ್ಲಿನ ಹಾಗಿವೆ. ನೋವು ಯಾವಾಗ ಬರತ್ತೆ?"

"ಮೆಟ್ಟಿಲು ಹತ್ತಿದ್ರೆ ಬರೋದು, ಕೂತ್ರೆ ಹೋಗೋದು. ಇವತ್ತು ಕೂತ್ರೂ ಹೋಗ್ತಿಲ್ಲ."

ಆಕೆಯ ಹಣೆಯ ಮೇಲಿನ ತಣ್ಣನೆಯ ಬೆವರು ನೋಡಿ ಡಾಕ್ಟರಮ್ಮ ಫೋನಿಗೆ ಕೈಹಾಕಿದಳು. "ಇದು ಹಲ್ಲಿಂದಲ್ಲ ಅನ್ಸತ್ತೆ ಅಮ್ಮಾ. ಹಾರ್ಟ್ ನೋಡಿಸ್ಬೇಕು, ಈಗಲೇ."

"ನಾನೇ ಕಾರಲ್ಲಿ ಬಿಟ್ಟು ಬರ್ಲಾ?" ಮೇಷ್ಟ್ರು ಗಾಬರಿಯಿಂದ ಕೇಳಿದರು.

"ನೀವಾ?" ಬ್ರೇಕಮ್ಮ ನೋವಿನಲ್ಲೂ ಗದರಿದಳು. "ಆಸ್ಪತ್ರೆ ಗೇಟು ಮುರಿದೇ ಒಳಗೆ ಹೋಗ್ತೀರಿ. ಆಂಬುಲೆನ್ಸೇ ಬರ್ಲಿ!"

ಇಸಿಜಿ ತೆಗೆದ ಕೂಡಲೇ ಆಸ್ಪತ್ರೆಯವರ ಓಡಾಟ ಜೋರಾಯಿತು. "ಹೃದಯಕ್ಕೆ ರಕ್ತ ಕೊಡೋ ನಾಳದಲ್ಲಿ ಕೊಬ್ಬು ಕಟ್ಟಿ, ಅದರ ಮೇಲೆ ರಕ್ತ ಹೆಪ್ಪುಗಟ್ಟಿದೆ," ಎಂದರು ಅಲ್ಲಿನ ಡಾಕ್ಟರು.

"ಎದೆ ನೋಯಲೇ ಇಲ್ವಲ್ಲ ಡಾಕ್ಟ್ರೇ?"

"ಎಲ್ಲರಿಗೂ ನೋಯಲ್ಲ. ಅದ್ರಲ್ಲೂ ಹೆಂಗಸರಿಗೆ, ಸಕ್ಕರೆ ಇರೋರಿಗೆ ಬರೀ ದವಡೆ ನೋವು, ಬೆನ್ನು ನೋವು, ಇಲ್ಲ ಸುಸ್ತಾಗಿ ಬರಬಹುದು."

ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ, ಕಟ್ಟಿಕೊಂಡ ಜಾಗದಲ್ಲಿ ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೂರಿಸಿದರು. ಆಕೆ ಎಚ್ಚರವಾಗಿಯೇ ಇದ್ದಳು. ಪರದೆಯ ಮೇಲೆ ರಕ್ತ ಸರಾಗವಾಗಿ ಹರಿಯುವುದನ್ನು ಕಂಡು, "ಅಂತೂ ರಸ್ತೆ ಕ್ಲಿಯರ್!" ಎಂದಳು. ಅಲ್ಲಿದ್ದ ನರ್ಸುಗಳಿಗೆ ನಗು ತಡೆಯಲಾಗಲಿಲ್ಲ.

ಆದರೆ ಮರುದಿನ ಹೃದಯದ ಬಡಿತ ಲಯ ತಪ್ಪಿ ಓಡತೊಡಗಿತು. ಯಂತ್ರ ಕಿರುಚಿಕೊಂಡಿತು. ಜನ ಓಡಿ ಬಂದರು, ನರಕ್ಕೆ ಔಷಧಿ ಕೊಟ್ಟರು. ಬಡಿತ ಹದಕ್ಕೆ ಬರುವವರೆಗೆ ಗಂಡ ಬಾಗಿಲಾಚೆ ಕಲ್ಲಾಗಿ ನಿಂತಿದ್ದ. ಒಳಗೆ ಬಿಟ್ಟಾಗ ಅವಳ ಕೈ ಹಿಡಿದು, "ಗಡಿಯಾರ ನಿಂತ್ರೆ ನಾನು ಸರಿ ಮಾಡ್ತೀನಿ. ನೀನೇ ನಿಂತುಹೋದ್ರೆ ನಾನೇನು ಮಾಡ್ಲಿ ಹೇಳು?" ಎಂದು ಮಗುವಿನ ಹಾಗೆ ಅತ್ತ. ಆಕೆ ಅವನ ಕಣ್ಣೊರೆಸಿದಳು. ಮುಂದಿನ ಹೊತ್ತಿನ ಮಾತ್ರೆಯನ್ನು ತಾನಾಗಿಯೇ ಕೇಳಿ ಪಡೆದಳು.

ಹೃದಯದ ಸ್ನಾಯು ಸ್ವಲ್ಪ ಸೊರಗಿದೆ, ಮಾತ್ರೆ ಬಿಡುವಂತಿಲ್ಲ, ದಿನಾ ನಡೆಯಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಸಂಜೆ ಗಂಡ ಹೆಂಡತಿ ಜೊತೆಯಾಗಿ ನಡೆಯತೊಡಗಿದರು. ನಡೆಯುತ್ತ ಮಾತಾಡಿದರೆ ಏದುಸಿರು ಬರುತ್ತಿದ್ದುದರಿಂದ ಮೊದಮೊದಲು ಆಕೆ ಸುಮ್ಮನಿರಬೇಕಾಗುತ್ತಿತ್ತು. ಆಗ ಗಂಡ ಬಾಯಿಬಿಟ್ಟ. ಅಂಗಡಿಗೆ ಬರುವ ಗಿರಾಕಿಗಳ ಒಬ್ಬೊಬ್ಬರ ಕಥೆಯನ್ನೂ ಅವರ ದನಿ ಅನುಕರಿಸಿ ಹೇಳಿದ. ಅವನೊಳಗೆ ಇಷ್ಟು ಮಾತಿತ್ತೆಂದು ಆಕೆಗೆ ಗೊತ್ತೇ ಇರಲಿಲ್ಲ. ನಕ್ಕೂ ನಕ್ಕೂ ಸಾಕಾಗಿ ದಾರಿಬದಿಯ ಬೆಂಚಿನ ಮೇಲೆ ಕೂತಳು.

"ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ನೀನು ಮಾತಿಗೆ ಜಾಗ ಬಿಟ್ರೆ ತಾನೇ?"

ಆಕೆ ಸರಿದು ಕೂತು ಅವನಿಗೆ ಜಾಗ ಮಾಡಿಕೊಟ್ಟಳು.