ತಂತಿಗೆ ನೀರು ಹಾಕಿದ ಅವ್ವ

ಇವತ್ತು ರಾಯಚೂರಿನ ಮನೆಯಲ್ಲಿ ಸೊಸೆ ಅಂಗಳಕ್ಕೆ ನೀರು ಹೊಡೆದಳು. ಒದ್ದೆ ಎರೆಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲೇ ಚಿಕ್ಕಂದಿನ ಮಾನ್ವಿಯ ನಮ್ಮ ಹಿತ್ತಲಿಗೆ ಹೋಗಿಬಿಟ್ಟೆ.

ಅಪ್ಪನಿಗೆ ಮನೆಯಲ್ಲೇ ಕೂತು ದೂರದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚು. ಮಾಳಿಗೆಯಿಂದ ಬೇವಿನ ಮರಕ್ಕೆ ಉದ್ದನೆಯ ತಾಮ್ರದ ತಂತಿ ಕಟ್ಟಿದ್ದ. ಅದರ ಅರ್ಥಿಂಗ್ ರಾಡನ್ನು ಇದ್ದಿಲು, ಉಪ್ಪು ಹಾಕಿ ಹಿತ್ತಲಲ್ಲಿ ಹೂತಿದ್ದ. ಬೇಸಿಗೆಗೆ ರಾಡಿನ ಸುತ್ತ ನೆಲ ಒಣಗಿ ಬಿರಿದರೆ ಅವನ ದನಿ ದೂರ ಹೋಗುತ್ತಿರಲಿಲ್ಲ. ಅದಕ್ಕೇ ದಿನಾ ರಾಡಿನ ಬುಡಕ್ಕೆ ನೀರು ಬೇಕು.

"ನಾನು ಕೊಡ ಹೊತ್ತು ಸಾಯಬೇಕು, ನೀವು ಗಾಳಿ ಜೊತಿ ಹರಟಿ ಹೊಡೀಬೇಕೇನ್ರಿ?" ಎಂದು ಅವ್ವ ಒದರುತ್ತಿದ್ದಳು.

"ಒಂದು ಕೊಡ ಹಾಕೇ, ಪುಣ್ಯ ಬರ್ತದ."

"ಆ ಪುಣ್ಯಾನೂ ನಿಮ್ಮ ತಂತಿಗೇ ಕಟ್ಕೊಳ್ರಿ!"

ಮರುದಿನ ನೋಡಿದರೆ ಪಾತ್ರೆ ತಿಕ್ಕುವ ಕಲ್ಲನ್ನೇ ರಾಡಿನ ಪಕ್ಕಕ್ಕೆ ಎಳೆದುಕೊಂಡಿದ್ದಳು. ಮುಸುರೆ ನೀರೆಲ್ಲ ಅಲ್ಲಿಗೇ ಹರಿಯುತ್ತಿತ್ತು. ಒಂದು ಮುಂಜಾನೆ ಅಪ್ಪ ಒಳಗಿಂದ ಕೂಗಿದ: "ನನ್ನ ದನಿ ಲಂಕಾದಾಗ ಕೇಳ್ಯಾದಂತ!" ಅವ್ವ ತಲೆ ಎತ್ತಲಿಲ್ಲ. ತಿಕ್ಕುವ ಕೈ ಮಾತ್ರ ನಿಂತಿತು.

ಅಪ್ಪ ತೀರಿಕೊಂಡ ಮೇಲೆ ತಂತಿ ಇಳಿಸಿದೆವು. ಕಲ್ಲು ಸರಿಸಲು ಅವ್ವ ಬಿಡಲಿಲ್ಲ. ಇರುವತನಕ ಅಲ್ಲೇ ಪಾತ್ರೆ ತಿಕ್ಕಿದಳು.

"ಇನ್ನೊಂದು ಕೊಡ ಹಾಕವ್ವಾ" ಎಂದೆ ಸೊಸೆಗೆ.

"ಅಂಗಳ ಆಗ್ಲೇ ತೊಯ್ದದಲ್ರೀ ಮಾವಾ?"

"ಹಾಕು ಅಂದ್ರ ಹಾಕು" ಎಂದು ಗದರಿದೆ.